ತುಳಿತ ತಾಳುವ ಡಬ್ಬಿ

ಪುಟಾಣಿಗಳೇ, ನಾಟಕ ಕಂಪನಿಯ ಲೆಗ್ ಹಾರ್ಮೋನಿಯಂ ಗೊತ್ತೇ? ಕಾಲಲ್ಲಿ ತಿದಿ ತುಳಿಯುತ್ತ ಕೈಯಲ್ಲಿ ನುಡಿಸುವ ಪೆಟ್ಟಿಗೆ. ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ. ಎಲೆಕ್ಟ್ರಿಕ್ ಗಿಟಾರಿನವರಿಗೂ ಕಾಲಿಗೊಂದು ಕೆಲಸವಿದೆ. ಗಿಟಾರಿನ ವೈರು ನೆಲದ ಮೇಲಿನ ಪುಟ್ಟ ಡಬ್ಬಿಯೊಂದನ್ನು ಹೊಕ್ಕು, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗುತ್ತದೆ. ಡಬ್ಬಿಯ ಗುಂಡಿ ತುಳಿದರೆ ಸ್ವರದ ಬಣ್ಣವೇ ಬೇರೆ. ಅದೇ ಪೆಡಲ್.

‘ಫಜ್’ ಎಂಬ ಗೊರಗೊರ ಸದ್ದಿನ ಪೆಡಲ್ ಹುಟ್ಟಿದ ಕಥೆ ಮಜವಾಗಿದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡನ್ನು ಧ್ವನಿಮುದ್ರಿಸುವಾಗ ಯಂತ್ರದ ಒಂದು ಭಾಗ ಕೆಟ್ಟು, ಗಿಟಾರ್ ಜೀರುಂಡೆಯಂತೆ ಗುಂಯ್‌ಗುಟ್ಟಿತು. ಅಳಿಸಲಿಲ್ಲ, ಹಾಗೇ ಬಿಟ್ಟರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಮರುವರ್ಷ ಅಂಥದೇ ಸದ್ದು ಮಾಡುವ ಡಬ್ಬಿ ಅಂಗಡಿಗೆ ಬಂತು.

ನಮ್ಮ ಮೊಮ್ಮಗನ ಬಳಿ ಯಾರೋ ಕೊಟ್ಟ ಹಳೆಯ ಪೆಡಲ್ ಇತ್ತು. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿನ ನಡುವೆ ಅದು ಮೂಕವಾಯಿತು. ಗಿಟಾರನ್ನು ಮಂಚದಡಿಗೆ ತಳ್ಳಿದ ಹುಡುಗ ನಾಲ್ಕು ತಿಂಗಳು ಮುಟ್ಟಲಿಲ್ಲ. ಕೊನೆಗೊಂದು ದಿನ ಪೆಡಲ್ ಬಿಚ್ಚಿ ನೋಡಿದೆವು. ಒಂದೇ ಒಂದು ವೈರು ಕಿತ್ತುಬಂದಿತ್ತು! “ನಾವೇ ಒಂದು ಮಾಡೋಣ, ಕೀಳದ ಹಾಗೆ” ಎಂದೆ.

ಫಜ್‌ನ ಒಳಗಿನ ಹೂರಣ ಸಣ್ಣದು. ಎರಡು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಕೆಪಾಸಿಟರ್, ಅಷ್ಟೇ. ಅದು ಒಂದೇ ಭಾನುವಾರದಲ್ಲಿ ಮುಗಿಯಿತು. ಡಬ್ಬಿಗೆ ಮೂರು ಭಾನುವಾರ ಬೇಕಾದವು.

ಅವನು ಪ್ಲಾಸ್ಟಿಕ್ ಟಿಫಿನ್ ಡಬ್ಬಿ ತಂದ. “ಇದೇ ಸಾಕಲ್ವಾ ತಾತಾ?” ಸಾಲದು. ಕಾಲಿನ ಕೆಳಗೆ ಸೀಳುತ್ತದೆ. ಜೊತೆಗೆ ಮನೆಯ ಕರೆಂಟ್ ಲೈನಿನ ಗುಂಯ್ ಸದ್ದೂ ಒಳಗೆ ನುಗ್ಗುತ್ತದೆ. ಲೋಹದ ಡಬ್ಬಿಯನ್ನು ಸರ್ಕ್ಯೂಟಿನ ಗ್ರೌಂಡಿಗೆ ಜೋಡಿಸಿದರೆ ಅದು ತಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ ಎರಕದ ಅಲ್ಯೂಮಿನಿಯಂ ಡಬ್ಬಿ ತಂದೆವು. ತೂತು ಕೊರೆದದ್ದು ನಾನು. ಡ್ರಿಲ್ ಮಕ್ಕಳ ಕೈಗಲ್ಲ.

ತುಳಿತದ ಭಾರ ಡಬ್ಬಿಯ ಮೇಲೆ ಬೀಳಬೇಕು, ಸರ್ಕ್ಯೂಟಿನ ಮೇಲಲ್ಲ. ಅದಕ್ಕೇ ಸ್ವಿಚ್ಚನ್ನೂ ಗಿಟಾರ್ ವೈರು ಚುಚ್ಚುವ ಜ್ಯಾಕ್‌ಗಳನ್ನೂ ಹಲ್ಲುಹಲ್ಲಾದ ವಾಷರ್ ಹಾಕಿ ಡಬ್ಬಿಗೇ ಬಿಗಿದೆವು. ಅಲ್ಲಿಂದ ಸರ್ಕ್ಯೂಟಿಗೆ ಸಣ್ಣ ಎಳೆಗಳ ಮೆತ್ತನೆಯ ವೈರು, ಕೊಂಚ ಸಡಿಲವಾಗಿ. ಒಂಟಿ ತಂತಿಯದಾದರೆ ನಾಲ್ಕಾರು ಸಲ ಬಾಗಿ ಪುಟುಕ್ಕನೆ ಮುರಿಯುತ್ತದೆ. ಬೆಸುಗೆ ಆದ ಮೇಲೆ ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡುವುದು ಅವನ ಪಾಲಿನ ಕೆಲಸ. ಎರಡು ಕೈಗೇ ಬಂದವು. ಮತ್ತೆ ಬೆಸೆದ. (ಕಾದ ಬೆಸುಗೆ ಕಡ್ಡಿ ಹಿಡಿದಾಗ ದೊಡ್ಡವರು ಪಕ್ಕದಲ್ಲಿರಲಿ, ಆಮೇಲೆ ಕೈ ತೊಳೆಯಿರಿ.)

ಇನ್ನೊಂದು ಕಾವಲು, ಡಯೋಡು. 9 ವೋಲ್ಟ್ ಅಡಾಪ್ಟರಿನ ಪಿನ್ನಿನ ನಡುಭಾಗ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್, ಬೇರೆ ಉಪಕರಣಗಳಲ್ಲಿ ಹೆಚ್ಚಾಗಿ ಪ್ಲಸ್. ಅವಸರದಲ್ಲಿ ಯಾವುದೋ ಅಡಾಪ್ಟರ್ ಚುಚ್ಚಿದರೂ ಡಯೋಡು ಉಲ್ಟಾ ಕರೆಂಟನ್ನು ಒಳಗೆ ಬಿಡದು. ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಗನ್‌ಮ್ಯಾನ್ ಎನ್ನಿ, ಸಂಬಳ ಮಾತ್ರ ಒಂದೆರಡು ರೂಪಾಯಿ.

ಕೊನೆಗೆ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಅವನು ತುಳಿದ, ಹಾರಿ ಹಾರಿ ತುಳಿದ. 68 ಕಿಲೋದ ನಾನೂ ಗೋಡೆ ಹಿಡಿದು ಒಂಟಿ ಕಾಲಿನ ಭಾರ ಹಾಕಿದೆ. ಸದ್ದು ನಿಲ್ಲಲಿಲ್ಲ. ಅಡುಗೆಮನೆಯಿಂದ ಇವಳು, “ಏನ್ರೀ, ಮಿಕ್ಸಿ ಕೆಟ್ಟಿತಾ?” ಎಂದು ಕೂಗಿದಳು. ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಹುಡುಗ ಹೆಸರು ಕೊಟ್ಟು ಬಂದಿದ್ದಾನೆ.