ಕುಣಿತ ಆಮೇಲಿರಲಿ, ಮೊದಲು ಗೇಟು ನೋಡಿ

ನನ್ನ ಮಗಳಿಗೆ ಈಗ ಹದಿಮೂರು. ಹುಟ್ಟಿದ್ದು, ಬೆಳೆದದ್ದು ಹೈದರಾಬಾದಿನಲ್ಲಿ. ಮನೆಯೊಳಗೆ ನಮ್ಮ ಕಲಬುರಗಿ ಕನ್ನಡ, ಲಿಫ್ಟ್ ಇಳಿದರೆ ತೆಲುಗು. ಐಪಿಎಲ್ ಶುರುವಾದರೆ ಮನೆ ಎರಡು ಪಾಲಾಗುತ್ತದೆ. ನಾನು ಆರ್‌ಸಿಬಿ, ಅವಳು ಸನ್‌ರೈಸರ್ಸ್. ‘ಅಪ್ಪಾ, ನಾ ಇಲ್ಲೇ ಹುಟ್ಟೀನಿ, ನಂದು ಆರೆಂಜೇ’ ಎನ್ನುತ್ತಾಳೆ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಈ ಊರಿನ ತಂಡಗಳು ನಮ್ಮನ್ನು ಎರಡು ಸಲ ಅಳಿಸಿವೆ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ 6 ರನ್‌ಗಳಿಂದ, 2016ರಲ್ಲಿ ನಮ್ಮದೇ ಚಿನ್ನಸ್ವಾಮಿ ಅಂಗಳದಲ್ಲಿ ಸನ್‌ರೈಸರ್ಸ್ 8 ರನ್‌ಗಳಿಂದ ಕಪ್ ಒಯ್ದವು. ಅದನ್ನು ನೆನಪಿಸಲು ಅವಳು ಒಂದು ದಿನವೂ ಮರೆಯುವುದಿಲ್ಲ.

ಈಗ ಅವಳದೊಂದು ಬೇಡಿಕೆ. ಆರ್‌ಸಿಬಿ ಉಪ್ಪಲ್‌ಗೆ ಆಡಲು ಬಂದರೆ ತನ್ನನ್ನು ಕರೆದುಕೊಂಡು ಹೋಗಬೇಕು. ನಾನು ಕೆಂಪು ಅಂಗಿ, ಅವಳು ಕಿತ್ತಳೆ ಅಂಗಿ. ನಾನು ಹೂಂ ಅನ್ನುವ ಮೊದಲೇ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: ‘ಬೆಂಗಳೂರಾಗ ಏನಾತು ಅಂತ ಮರ್ತ್ರೇನು? ಸುಮ್ನ ಟಿವ್ಯಾಗ ನೋಡ್ರಿ.’

ಅವಳ ಭಯ ಸುಳ್ಳಲ್ಲ. ಮಗಳ ಆಸೆಯೂ ತಪ್ಪಲ್ಲ. ಇವೆರಡರ ನಡುವೆ ನಿಂತು ಯೋಚಿಸಿದಾಗ ಹುಟ್ಟಿದ್ದು ಈ ಬರಹ. ನಮ್ಮ ತಂಡಗಳು ಪಂದ್ಯದ ದಿನ ಅಭಿಮಾನಿಗಳನ್ನು ರಂಜಿಸಲು ಇಷ್ಟೆಲ್ಲ ಮಾಡುತ್ತವಲ್ಲ, ಅದು ನಿಜವಾಗಿ ಯಾರಿಗಾಗಿ?

ಉಪ್ಪಲ್‌ನ ರಾಜೀವ್ ಗಾಂಧಿ ಕ್ರೀಡಾಂಗಣಕ್ಕೆ ಹೋದವರಿಗೆ ಆ ಸಂಜೆ ಗೊತ್ತು. ನಮ್ಮಂಥ ಐಟಿ ಮಂದಿ ರಾಯದುರ್ಗಂನಲ್ಲಿ ಮೆಟ್ರೊ ಹತ್ತಿದರೆ ನೀಲಿ ಮಾರ್ಗದಲ್ಲೇ ನೇರವಾಗಿ ‘ಸ್ಟೇಡಿಯಂ’ ನಿಲ್ದಾಣದಲ್ಲಿ ಇಳಿಯಬಹುದು. ಅಮೀರ್‌ಪೇಟೆ ದಾಟುವಷ್ಟರಲ್ಲಿ ಬೋಗಿಯ ತುಂಬ ಕಿತ್ತಳೆ ಬಣ್ಣ. ಒಳಗೆ ಬಾವುಟಗಳು, ಡಿಜೆಯ ತೆಲುಗು ಹಾಡುಗಳು, ಸಿಕ್ಸರ್ ಹೋದಾಗ ಗಡಿರೇಖೆಯಾಚೆ ಏಳುವ ಬೆಂಕಿಯ ಜ್ವಾಲೆ, ಚಿಯರ್‌ಲೀಡರ್‌ಗಳ ಕುಣಿತ, ದೊಡ್ಡ ಪರದೆಯಲ್ಲಿ ನಮ್ಮದೇ ಮುಖ. 2025ರ ಮಾರ್ಚ್ 23ರಂದು ರಾಜಸ್ಥಾನದ ವಿರುದ್ಧ ಸನ್‌ರೈಸರ್ಸ್ 6 ವಿಕೆಟ್‌ಗೆ 286 ಹೊಡೆದ ದಿನವಂತೂ ಆ ಬೆಂಕಿಗೆ ಆರಲು ಪುರುಸೊತ್ತಿರಲಿಲ್ಲ.

ಈ ಪದ್ಧತಿಗೆ ನಾಂದಿ ಹಾಡಿದ್ದು ನಮ್ಮ ಬೆಂಗಳೂರು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಮೊದಲ ಐಪಿಎಲ್ ಪಂದ್ಯ. ಅಮೆರಿಕದ ಫುಟ್‌ಬಾಲ್ ತಂಡ ವಾಷಿಂಗ್ಟನ್ ರೆಡ್‌ಸ್ಕಿನ್ಸ್‌ನ ಚಿಯರ್‌ಲೀಡರ್‌ಗಳನ್ನು ಆರ್‌ಸಿಬಿ ಮಾಲೀಕರು ಕರೆಸಿದ್ದರು. ಆ ರಾತ್ರಿ ಮೆಕಲಮ್ 158 ಹೊಡೆದು ನಮ್ಮನ್ನು ಮಲಗಿಸಿದ್ದು ಬೇರೆ ಮಾತು. ಅಂದಿನಿಂದ ಆಟದ ಜೊತೆ ತಮಾಷೆ ಇರಲೇಬೇಕು ಎಂಬುದು ಎಲ್ಲ ತಂಡಗಳ ನಂಬಿಕೆಯಾಯಿತು.

ತಮಾಷೆ ಬೇಡ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ನಾಲ್ಕು ಗಂಟೆ ಕೂಗಾಡಲು ಒಂದು ಜಾಗ ಬೇಕು. ಆದರೆ ಲೆಕ್ಕವನ್ನೂ ಸ್ವಲ್ಪ ನೋಡಬೇಕು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ತಂಡಗಳ ಆದಾಯದ ದೊಡ್ಡ ಪಾಲು ಬರುವುದು ಅಲ್ಲಿಂದ, ನಮ್ಮ ಟಿಕೆಟ್ಟಿನಿಂದಲ್ಲ. ಹಾಗಾಗಿ ಅಂಗಳದಲ್ಲಿ ಕೂತ ಅಭಿಮಾನಿ ಈ ವ್ಯಾಪಾರದಲ್ಲಿ ಮುಖ್ಯ ಗಿರಾಕಿಯಲ್ಲ. ಟಿವಿಯಲ್ಲಿ ನೋಡುವವರಿಗೆ ಕ್ರೀಡಾಂಗಣ ತುಂಬಿದೆ, ಜನ ಕುಣಿಯುತ್ತಿದ್ದಾರೆ ಎಂದು ತೋರಿಸಲು ಬೇಕಾದ ಹಿನ್ನೆಲೆ ಅವನು. ಬೆಂಕಿ, ಬೆಳಕು, ಬಾವುಟ ಎಲ್ಲವೂ ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತವೆ. ಕುಡಿಯುವ ನೀರಿನ ನಲ್ಲಿ, ಹೆಂಗಸರ ಶೌಚಾಲಯ, ಹೊರಹೋಗುವ ದಾರಿ ಕ್ಯಾಮೆರಾಗೆ ಕಾಣುವುದಿಲ್ಲ. ಯಾವುದಕ್ಕೆ ಹೆಚ್ಚು ಗಮನ ಸಿಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಗಳು ಎಂಟು ವರ್ಷದವಳಿದ್ದಾಗ ಅವಳನ್ನು ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಯಾವ ಊರು, ಯಾವ ತಂಡ ಎಂಬುದು ಇಲ್ಲಿ ಬೇಡ. ಗೇಟಿನಲ್ಲಿ ನೀರಿನ ಬಾಟಲಿ ತೆಗೆದಿಟ್ಟುಕೊಂಡರು. ಒಳಗೆ ಮೊದಲ ಇನಿಂಗ್ಸ್ ಮುಗಿಯುವಷ್ಟರಲ್ಲಿ ನಮ್ಮ ಸ್ಟ್ಯಾಂಡಿನಲ್ಲಿ ನೀರು ಖಾಲಿ. ಶೌಚಾಲಯದ ಮುಂದೆ ಇಪ್ಪತ್ತು ನಿಮಿಷದ ಸಾಲು. ಅಷ್ಟೂ ಹೊತ್ತು ಮೈಕಿನಲ್ಲಿ ಒಬ್ಬ ‘ಜೋರಾಗಿ ಕೂಗಿ’ ಎನ್ನುತ್ತಲೇ ಇದ್ದ. ಬಾಯಾರಿದ ಮಗು ಏನು ಕೂಗೀತು?

ಹಾಗಾದರೆ ಈ ಅಬ್ಬರವಿಲ್ಲದಿದ್ದರೆ ಜನ ಬರುವುದಿಲ್ಲವೇ? ಇದಕ್ಕೆ ಉತ್ತರ ಉಪ್ಪಲ್‌ನಲ್ಲೇ ಸಿಕ್ಕಿದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರ ದಾಳಿ ನಡೆಯಿತು. ಮರುದಿನ ಇಲ್ಲಿ ಸನ್‌ರೈಸರ್ಸ್ ಮತ್ತು ಮುಂಬೈ ಪಂದ್ಯ. ಪಟಾಕಿ ಇಲ್ಲ, ಚಿಯರ್‌ಲೀಡರ್‌ಗಳಿಲ್ಲ. ಆಟಗಾರರ ತೋಳಿಗೆ ಕಪ್ಪು ಪಟ್ಟಿ, ಒಂದು ನಿಮಿಷದ ಮೌನ. 35 ರನ್‌ಗೆ 5 ವಿಕೆಟ್ ಕಳೆದುಕೊಂಡಿದ್ದ ತಂಡವನ್ನು ಕ್ಲಾಸೆನ್ 71 ಹೊಡೆದು ಎತ್ತಿ ನಿಲ್ಲಿಸಿದಾಗ ಜನ ತಾವಾಗಿಯೇ ಕೂಗಿದರು. ಯಾರೂ ಹೇಳಿಕೊಡಬೇಕಾಗಲಿಲ್ಲ. ಮೇ ತಿಂಗಳಲ್ಲಿ ನಿಂತಿದ್ದ ಐಪಿಎಲ್ ಮತ್ತೆ ಶುರುವಾಗುವ ಮೊದಲು, ಉಳಿದ ಪಂದ್ಯಗಳಲ್ಲಿ ಡಿಜೆ ಮತ್ತು ಕುಣಿತ ಬೇಡ, ಬರೀ ಕ್ರಿಕೆಟ್ ಇರಲಿ ಎಂದು ಸುನಿಲ್ ಗಾವಸ್ಕರ್ ಹೇಳಿದರು. ಅವರು ಹೇಳಿದ್ದು ಆ ಸನ್ನಿವೇಶದ ದುಃಖಕ್ಕಾಗಿ. ಆದರೆ ಆ ಮಾತಿನಲ್ಲಿ ಯಾವತ್ತಿಗೂ ಸಲ್ಲುವ ಒಂದು ಸತ್ಯವಿದೆ.

ಜನ ಸೇರಿ ತಾವೇ ಕಟ್ಟಿಕೊಂಡ ಗದ್ದಲ ಹೇಗಿರುತ್ತದೆ ಎಂದು ನೋಡಬೇಕಾದರೆ ಬೆಂಗಳೂರಿನ ಕಂಠೀರವಕ್ಕೆ ಹೋಗಬೇಕು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. ಅದರ ಜೊತೆಗೇ ಬೆಳೆದದ್ದು ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ. ಅಲ್ಲಿ ಹಾಡು, ತಮಟೆ, ಬ್ಯಾನರು ಎಲ್ಲ ಅಭಿಮಾನಿಗಳದ್ದೇ. ಪಂದ್ಯ ಮುಗಿದ ಮೇಲೆ ಆಟಗಾರರು ಸ್ಟ್ಯಾಂಡಿನ ಎದುರು ಬಂದು ನಿಂತು ಅವರ ಜೊತೆ ಚಪ್ಪಾಳೆ ತಟ್ಟುತ್ತಾರೆ. ಕ್ಲಬ್ ಮಾಡಿದ್ದು ಇಷ್ಟೇ: ಜಾಗ ಬಿಟ್ಟುಕೊಟ್ಟಿತು, ಗೌರವ ಕೊಟ್ಟಿತು.

ಹೈದರಾಬಾದಿನಲ್ಲೂ ಅಂಥದ್ದೊಂದು ಚಿಗುರಿತ್ತು. ಈ ಊರಿಗೆ ಫುಟ್‌ಬಾಲ್ ಹೊಸದಲ್ಲ. ನಮ್ಮ ಕಲಬುರಗಿ, ಬೀದರ್, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲಕ್ಕೆ, 1950ರಿಂದ 54ರವರೆಗೆ, ಹೈದರಾಬಾದ್ ಸಿಟಿ ಪೊಲೀಸ್ ತಂಡ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಅದರ ಕೋಚ್ ಸೈಯದ್ ಅಬ್ದುಲ್ ರಹೀಮ್ ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟವರು. ಆ ಪರಂಪರೆಯ ನೆರಳಲ್ಲಿ 2019ರಲ್ಲಿ ಹೈದರಾಬಾದ್ ಎಫ್‌ಸಿ ಬಂತು. 2022ರ ಮಾರ್ಚ್ 20ರಂದು ಗೋವಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಐಎಸ್‌ಎಲ್ ಕಪ್ ಎತ್ತಿತು. ಅಂದು ಮೂರು ಪೆನಾಲ್ಟಿ ತಡೆದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ. ಗೋವಾದವರಾದರೂ ಹೆಸರು ಕೇಳಿದ ಕೂಡಲೇ ನಮ್ಮ ಕಡೆಯವರೇ ಎಂದು ಖುಷಿಪಟ್ಟಿದ್ದೆ.

ಗಚ್ಚಿಬೌಲಿ ಕ್ರೀಡಾಂಗಣ ನನ್ನ ಆಫೀಸಿಗೆ ಹತ್ತಿರ. ಡೆಕ್ಕನ್ ಲೀಜಿಯನ್ ಎಂಬ ಅಭಿಮಾನಿ ಗುಂಪು ಅಲ್ಲಿ ಗಂಟಲು ಹರಿಯುವಂತೆ ಹಾಡುತ್ತಿತ್ತು. ಸುತ್ತ ಖಾಲಿ ಕುರ್ಚಿಗಳಿದ್ದರೂ ಆ ಮೂಲೆ ಮಾತ್ರ ಜೀವಂತ. ಮುಂದೆ ಕ್ಲಬ್ ಹಣಕಾಸಿನ ಸಂಕಷ್ಟಕ್ಕೆ ಬಿತ್ತು, ಸಂಬಳ ಬಾಕಿಯಾಗಿ ಆಟಗಾರರು ಬಿಟ್ಟು ಹೋದರು, ಮಾಲೀಕರು ಬದಲಾದರು. 2025ರಲ್ಲಿ ತಂಡ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತು. ಕಪ್ ಗೆದ್ದ ತಂಡವನ್ನು ಈ ಊರು ಕಳೆದುಕೊಂಡದ್ದು ಇದು ಎರಡನೇ ಸಲ. 2009ರ ಚಾಂಪಿಯನ್ ಡೆಕ್ಕನ್ ಚಾರ್ಜರ್ಸ್ ಕೂಡ 2012ರಲ್ಲಿ ಇಲ್ಲವಾಯಿತು.

ಸನ್‌ರೈಸರ್ಸ್ ಕೂಡ ಹೋಗುವ ಮಾತಾಡಿದ್ದುಂಟು. 2025ರ ಮಾರ್ಚ್ ಕೊನೆಯಲ್ಲಿ, ಉಚಿತ ಪಾಸ್‌ಗಳಿಗಾಗಿ ಒತ್ತಡ ಹೇರಲಾಗುತ್ತಿದೆ ಎಂದು ಹೈದರಾಬಾದ್ ಕ್ರಿಕೆಟ್ ಸಂಸ್ಥೆಯ ಮೇಲೆ ತಂಡ ಆರೋಪ ಮಾಡಿತು. ಒಪ್ಪಂದದಂತೆ 3,900 ಉಚಿತ ಪಾಸ್ ಕೊಡುತ್ತಿದ್ದೇವೆ, ಹೀಗೇ ಮುಂದುವರಿದರೆ ಬೇರೆ ಊರು ನೋಡಿಕೊಳ್ಳುತ್ತೇವೆ ಎಂದಿತು. ಸಂಸ್ಥೆ ಆರೋಪವನ್ನು ಅಲ್ಲಗಳೆಯಿತು. ತೆಲಂಗಾಣ ಸರ್ಕಾರ ಜಾಗೃತ ದಳದ ತನಿಖೆಗೆ ಆದೇಶಿಸಿತು. ಜಗಳ ಆಮೇಲೆ ತಣ್ಣಗಾಯಿತು. ಆದರೆ ಆ ಪತ್ರಗಳ ಗದ್ದಲದಲ್ಲಿ ದುಡ್ಡು ಕೊಟ್ಟು ಟಿಕೆಟ್ ಕೊಂಡವನ ಹೆಸರು ಎಲ್ಲೂ ಕೇಳಲಿಲ್ಲ. ಅವನ ಮೇಲಿನ ಹೊರೆ ಮಾತ್ರ ಏರಿದೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಹೋಯಿತು. ಮೂಲ ಬೆಲೆ 1,000 ರೂಪಾಯಿಯ ಟಿಕೆಟ್ಟಿಗೆ ಮೊದಲು 1,280 ಕೊಡುತ್ತಿದ್ದೆವು, ಈಗ 1,400. ಮೂವರ ಸಂಸಾರ ಹೋಗಬೇಕೆಂದರೆ 4,200, ಊಟ ಬೇರೆ.

ಇನ್ನು ಹೆಂಡತಿ ಎತ್ತಿದ ಮಾತಿಗೆ ಬರುತ್ತೇನೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ 6 ರನ್‌ಗಳಿಂದ ಗೆದ್ದಾಗ ಇಲ್ಲಿ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ಹದಿನೆಂಟು ವರ್ಷದ ಹಸಿವು ಅದು. ಮರುದಿನವೇ ಚಿನ್ನಸ್ವಾಮಿಯಲ್ಲಿ ವಿಜಯೋತ್ಸವ ಎಂದರು. ಉಚಿತ ಪಾಸ್ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. 35 ಸಾವಿರ ಜನ ಹಿಡಿಯುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದಿದ್ದರು ಎಂದು ಮುಖ್ಯಮಂತ್ರಿಯೇ ಹೇಳಿದರು. ಹನ್ನೊಂದು ಜನ ಗೇಟಿನ ಬಳಿಯ ನೂಕುನುಗ್ಗಲಿನಲ್ಲಿ ಸತ್ತರು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಒಳಗೆ ಕಪ್ ಎತ್ತಿ ತೋರಿಸುವ ಕಾರ್ಯಕ್ರಮ ನಡೆಯಿತು.

ಅದು ಪಂದ್ಯವೇ ಅಲ್ಲ. ಬಾಲ್ ಇಲ್ಲ, ಬ್ಯಾಟ್ ಇಲ್ಲ. ಅಭಿಮಾನಿಗಳಿಗೆಂದೇ ಏರ್ಪಡಿಸಿದ ಶುದ್ಧ ಮನರಂಜನೆ. ತಪ್ಪು ತಂಡದ್ದೋ, ಕ್ರಿಕೆಟ್ ಸಂಸ್ಥೆಯದ್ದೋ, ಸರ್ಕಾರದ್ದೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಹನ್ನೊಂದು ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಕೊಡುವುದಾಗಿ ತಂಡ ಆಗಸ್ಟ್‌ನಲ್ಲಿ ಹೇಳಿತು. ಆದರೆ ನನಗೆ ಮುಖ್ಯವಾಗಿ ಕಂಡದ್ದು ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗದ ಮಾತು. ಆ ಕ್ರೀಡಾಂಗಣ ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಸೂಕ್ತವಲ್ಲ ಎಂದ ಆಯೋಗ, ಅಂಥ ಜಾಗದಲ್ಲಿ ಏನಿರಬೇಕು ಎಂದೂ ಹೇಳಿತು: ಸಾಲಿನಲ್ಲಿ ನಿಲ್ಲಲು ರಸ್ತೆಯಿಂದ ಬೇರೆಯಾದ ಜಾಗ, ಸಾಕಷ್ಟು ಗೇಟುಗಳು, ಬಸ್ಸು–ಮೆಟ್ರೊ ಸಂಪರ್ಕ, ಒಳ್ಳೆಯ ಶೌಚಾಲಯ, ಅಪಾಯವಾದರೆ ಹೊರಬರುವ ಯೋಜನೆ. ಆ ಪಟ್ಟಿಯಲ್ಲಿ ಡಿಜೆ ಇಲ್ಲ, ಬೆಂಕಿಯೂ ಇಲ್ಲ. ಕೊನೆಗೆ ಮಹಿಳಾ ವಿಶ್ವಕಪ್‌ನ ಪಂದ್ಯಗಳೂ ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು.

ಹೊರದೇಶದಲ್ಲಿ ಇದನ್ನು ಹೇಗೆ ನೋಡುತ್ತಾರೆ? ಜರ್ಮನಿಯ ಡಾರ್ಟ್‌ಮಂಡ್ ಕ್ರೀಡಾಂಗಣದ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25 ಸಾವಿರ ಜನ ನಿಂತೇ ನೋಡುತ್ತಾರೆ. ಅವರನ್ನು ಹಾಡಿಸಲು ಚಿಯರ್‌ಲೀಡರ್ ಬೇಕಿಲ್ಲ. ಅಲ್ಲಿನ ಬಹುತೇಕ ಕ್ಲಬ್‌ಗಳ ಪಂದ್ಯದ ಟಿಕೆಟ್ಟೇ ಆ ದಿನದ ಬಸ್ಸು, ರೈಲಿನ ಟಿಕೆಟ್ಟೂ ಹೌದು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ 2012–13ರಿಂದ ತನ್ನ ಟೂರ್ನಿಗಳಲ್ಲಿ ಆಡುವ ಕ್ಲಬ್‌ಗಳಿಗೆ ಒಂದು ನಿಯಮ ಮಾಡಿದೆ. ಅಭಿಮಾನಿಗಳ ಮಾತು ಕೇಳಲು, ಅದನ್ನು ಆಡಳಿತಕ್ಕೆ ಮುಟ್ಟಿಸಲು ಪ್ರತಿ ಕ್ಲಬ್ಬಿನಲ್ಲೂ ಒಬ್ಬ ಅಧಿಕಾರಿ ಇರಲೇಬೇಕು.

ಇದೆಲ್ಲ ನಮ್ಮಲ್ಲಿ ಆಗದ ಮಾತೇನಲ್ಲ. ಐಪಿಎಲ್ ರಾತ್ರಿಗಳಲ್ಲಿ ಹೈದರಾಬಾದ್ ಮೆಟ್ರೊ ಮಧ್ಯರಾತ್ರಿ ದಾಟುವವರೆಗೆ ರೈಲು ಓಡಿಸಿದೆ. ನನ್ನ ಮಟ್ಟಿಗೆ ಪಂದ್ಯದ ದಿನದ ಅತ್ಯುತ್ತಮ ಕಾರ್ಯಕ್ರಮ ಅದೇ. ಅದರ ಖರ್ಚನ್ನು ತಂಡ ಹೊತ್ತು ಟಿಕೆಟ್ಟಿಗೇ ಸೇರಿಸಲಿ. ಪ್ರತಿ ಸ್ಟ್ಯಾಂಡಿನಲ್ಲಿ ಉಚಿತ ಕುಡಿಯುವ ನೀರು ಕೊನೆಯ ಓವರ್‌ವರೆಗೂ ಇರಲಿ. ಯಾವ ಗೇಟು, ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ಊರಿನ ಭಾಷೆಯಲ್ಲಿ ತಿಳಿಸಲಿ. ಪಾಸಿಲ್ಲದ ಕಾರ್ಯಕ್ರಮಕ್ಕೆ ಜನರನ್ನು ಕರೆಯುವುದು ನಿಲ್ಲಲಿ. ಒಂದು ಸ್ಟ್ಯಾಂಡಿನಲ್ಲಾದರೂ ಡಿಜೆ ಬಾಯಿ ಮುಚ್ಚಿ, ಜನರಿಗೆ ಹಾಡಲು ಬಿಡಲಿ. ಅಭಿಮಾನಿಗಳ ದೂರು ಕೇಳುವ ಒಬ್ಬ ಮನುಷ್ಯನ ಹೆಸರೂ ಫೋನ್ ನಂಬರೂ ಟಿಕೆಟ್ ಹಿಂದೆ ಅಚ್ಚಾಗಲಿ. ಇವು ಬೆಂಕಿಯ ಜ್ವಾಲೆಯಷ್ಟು ಚಂದ ಕಾಣದಿರಬಹುದು. ಆದರೆ ಜನ ಮತ್ತೆ ಬರುವುದು ಇವುಗಳಿಂದ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಎಳೆಯಿದೆ. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ವರ್ಷಕ್ಕೆ ಒಂದೆರಡು ಸಲ ಸೇರುವ ನಾವು, ಆರ್‌ಸಿಬಿ ಬಂದ ದಿನ ಉಪ್ಪಲ್‌ನಲ್ಲಿ ಸಾವಿರಗಟ್ಟಲೆ ಸಿಗುತ್ತೇವೆ. 2024ರ ಏಪ್ರಿಲ್ 25ರಂದು ನಮ್ಮವರು 35 ರನ್‌ಗಳಿಂದ ಗೆದ್ದಾಗ ಪಕ್ಕದ ಸೀಟಿನವರು ಕೊಪ್ಪಳದವರೆಂದು ತಿಳಿದು, ಮೆಟ್ರೊ ಬರುವವರೆಗೆ ಕನ್ನಡದಲ್ಲೇ ಹರಟಿದ್ದೆ. ಆ ಸುಖವನ್ನು ಯಾವ ಡಿಜೆಯೂ ಕೊಡಲಾರ. ಅದು ಭಯದಿಂದ ನಿಂತುಹೋದರೆ ನಮಗೇ ನಷ್ಟ.

ಮನೆಯಲ್ಲಿ ಮೊನ್ನೆ ಒಂದು ಒಪ್ಪಂದವಾಗಿದೆ. ಟಿಕೆಟ್ ಸಿಕ್ಕರೆ ಮೂವರೂ ಹೋಗುವುದು. ಎರಡು ಗಂಟೆ ಮೊದಲೇ ಒಳಗೆ, ಹೊರಹೋಗುವ ದಾರಿಗೆ ಹತ್ತಿರದ ಸೀಟು, ಗುಂಪು ಕರಗಿದ ಮೇಲೆ ಎದ್ದೇಳುವುದು. ಷರತ್ತುಗಳೆಲ್ಲ ಹೆಂಡತಿಯವು. ಮಗಳು ಒಂದನ್ನು ಸೇರಿಸಿದ್ದಾಳೆ: ‘ಆರ್‌ಸಿಬಿ ಸೋತ್ರ ಮೆಟ್ರೊದಾಗ ಮಾರಿ ಸಣ್ಣ ಮಾಡ್ಕೊಂಡು ಕೂಡಬಾರದು, ಅಪ್ಪಾ.’

ಅದಕ್ಕೂ ಒಪ್ಪಿದ್ದೇನೆ. ನಮ್ಮ ಪಾಲಿನ ಸಿದ್ಧತೆ ನಾವು ಮಾಡಿಕೊಂಡಿದ್ದೇವೆ. ತಂಡದವರು ತಮ್ಮ ಪಾಲಿನದು ಮಾಡಲಿ.