ಮೇಲೋ, ಕೆಳಗೋ?

ನೆಲಮಂಗಲದಿಂದ ಬೆಂಗಳೂರಿಗೆ ಬರುವವರಿಗೆ ದಿನಾ ಒಂದು ಪರೀಕ್ಷೆ. ಎಂಟನೇ ಮೈಲಿ ಬರುವ ಮುಂಚೆಯೇ ತುಮಕೂರು ರಸ್ತೆ ಎರಡಾಗುತ್ತದೆ. ಮೇಲೆ ಹತ್ತಿದರೆ ಪೀಣ್ಯ ಫ್ಲೈಓವರ್, ಗೊರಗುಂಟೆಪಾಳ್ಯದ ಕಡೆಗೆ. ಕೆಳಗೆ ಹೋದರೆ ಜಾಲಹಳ್ಳಿ ಕ್ರಾಸ್, ಬಸ್ಸು, ಲಾರಿ, ಸಂದಿ ಸಿಕ್ಕಲ್ಲಿ ನುಗ್ಗುವ ಆಟೊ. ಮೇಲೆ ಹತ್ತಿ ಸಿಕ್ಕಿಬಿದ್ದರೆ ವಾಪಸ್ ತಿರುಗುವ ಮಾತಿಲ್ಲ. ಮುಂದಿನ ಕಾರು ಹತ್ತಿತಲ್ಲ, ಅವರಿಗೇನೋ ಗೊತ್ತಿರಬೇಕು ಅಂತ ನಾನೂ ಹತ್ತುತ್ತೇನೆ. ನನ್ನ ಹಿಂದಿನವರು ನನ್ನ ಮೇಲೆ ಅದೇ ನಂಬಿಕೆ ಇಟ್ಟು ಬರುತ್ತಾರೆ.

ಮೆಟ್ರೊ ಹಿಡಿಯಬಾರದೇ ಎಂದು ಕೇಳಬೇಡಿ. 2024ರ ನವೆಂಬರ್‌ನಲ್ಲಿ ಅದು ಮಾದಾವರದವರೆಗೆ ಬಂದಿದೆ, ಸಂತೋಷ. ಆದರೆ ನನ್ನ ಡಿಕ್ಕಿಯಲ್ಲಿ ಮಲ್ಲೇಶ್ವರದ ಅಂಗಡಿಗೆ ಹೋಗಬೇಕಾದ ಎರಡು ಮೂಟೆ ಹೊಲಿದ ಬಟ್ಟೆ ಇರುತ್ತದೆ.

ಹೋದ ತಿಂಗಳು ಫ್ಲೈಓವರ್ ಮೇಲೆ ಈರುಳ್ಳಿ ಲಾರಿಯೊಂದು ಟಯರ್ ಒಡೆದು ಅಡ್ಡ ನಿಂತಿತ್ತು. ಐವತ್ತು ನಿಮಿಷ ಅಲ್ಲೇ. ಕೆಳಗೆ ಇಣುಕಿದರೆ ಗಾಡಿಗಳು ಆರಾಮಾಗಿ ಓಡುತ್ತಿವೆ. ಮೊಬೈಲಿನ ಮ್ಯಾಪ್ ನೋಡಿರಲಿಲ್ಲವೇ ಅಂದರೆ, ನೋಡಿದ್ದೆ. ಕೆಂಪು ಗೆರೆ ಇತ್ತು. ಮ್ಯಾಪ್‌ಗೆ ಲೆಕ್ಕ ಸಿಗುವುದು ನಮ್ಮ ನಮ್ಮ ಫೋನುಗಳ ಚಲನೆಯಿಂದ. ಒಂದರ ಮೇಲೊಂದು ರಸ್ತೆ ಇದ್ದಲ್ಲಿ ಯಾವ ಫೋನು ಮೇಲಿದೆ, ಯಾವುದು ಕೆಳಗಿದೆ ಎಂಬುದು ಅದಕ್ಕೆ ಎಷ್ಟೋ ಸಲ ಗೊಂದಲ. ಗೆರೆ ಯಾಕೆ ಕೆಂಪಾಯಿತು ಎಂದಂತೂ ಅದು ಹೆಚ್ಚಿನ ಸಲ ಹೇಳುವುದಿಲ್ಲ. ಕೆಟ್ಟು ನಿಂತ ಲಾರಿಯೋ, ನಿಂತ ನೀರೋ, ಮಾಮೂಲಿ ಸೋಮವಾರವೋ? ಅದು ಗೊತ್ತಾದರೆ ತಾನೆ ಇನ್ನೊಂದು ಕಾಫಿ ಕುಡಿದು ಹೊರಡುವುದೋ, ಬೇರೆ ದಾರಿ ಹಿಡಿಯುವುದೋ ತೀರ್ಮಾನವಾಗುವುದು.

ಹೊರಡುವ ಮುಂಚೆ ರಸ್ತೆಯನ್ನು ಕಣ್ಣಾರೆ ನೋಡಿಕೊಳ್ಳುವುದನ್ನು ನನಗೆ ಕಲಿಸಿದ್ದು ಅಮೆರಿಕ ಅನ್ನುವುದಕ್ಕಿಂತ ನಮ್ಮತ್ತೆ ಅನ್ನಬೇಕು. 2016ರಿಂದ ಮೂರು ವರ್ಷ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದೆವು. ನನ್ನ ಕೆಲಸ ವಾಷಿಂಗ್ಟನ್ ಸರೋವರದ ಆಚೆ, ಸಿಯಾಟಲ್‌ನಲ್ಲಿ. ದಾಟಲು ಎರಡು ಸೇತುವೆ, ಎರಡೂ ನೀರಿನ ಮೇಲೆ ತೇಲುವಂಥವು. 520ನೇ ಹೆದ್ದಾರಿಯ ಸೇತುವೆಗೆ ಟೋಲ್ ಇದೆ, ರಶ್ಶಿನ ಹೊತ್ತಿಗೆ ಜಾಸ್ತಿ. 90ನೇ ಹೆದ್ದಾರಿಯದಕ್ಕೆ ಟೋಲ್ ಇಲ್ಲ. ಅಲ್ಲಿನ ರಾಜ್ಯ ಸಾರಿಗೆ ಇಲಾಖೆ ಹೆದ್ದಾರಿಯ ಕ್ಯಾಮೆರಾ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ವಿಡಿಯೊ ಅಲ್ಲ, ಒಂದೆರಡು ನಿಮಿಷಕ್ಕೊಮ್ಮೆ ಬದಲಾಗುವ ಚಿಕ್ಕ ಫೋಟೊ. ಕಾರು ಕಾಣುತ್ತದೆ, ನಂಬರ್ ಪ್ಲೇಟ್ ಓದಲಾಗದು.

ಆರು ತಿಂಗಳಿಗೆಂದು ಬಂದಿದ್ದ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ. ಟ್ಯಾಬ್‌ನಲ್ಲಿ ಈ ಚಿತ್ರ ತೆರೆದುಕೊಟ್ಟೆ. ಒಂದೇ ವಾರದಲ್ಲಿ ಅವರು ಪರಿಣತೆ. ನಾನು ಡಬ್ಬಿ ಕಟ್ಟುತ್ತಿದ್ದರೆ ಸೋಫಾದಿಂದಲೇ ವರದಿ: ‘ಟೋಲ್ ಸೇತುವೆ ಮೇಲೆ ಗಾಡಿ ಇರುವೆ ಸಾಲು ನಿಂತಂಗೆ ನಿಂತವೆ ಕಣಮ್ಮ. ಆ ಕಡೆ ಹೋಗಿ ದುಡ್ಡು ದಂಡ ಮಾಡ್ಬೇಡ.’ ಮಳೆಯಲ್ಲಿ ಲೆನ್ಸ್ ಮಬ್ಬಾದ ದಿನ ಅವರಿಗೆ ಬೇಜಾರು. ಅತ್ತೆ ‘ಖಾಲಿ’ ಎಂದ ರಸ್ತೆ ನಾನು ತಲುಪುವಷ್ಟರಲ್ಲಿ ತುಂಬಿದ್ದೂ ಉಂಟು. ಆದರೂ ಹತ್ತರಲ್ಲಿ ಏಳೆಂಟು ದಿನ ಅವರ ಮಾತು ಸರಿ ಇರುತ್ತಿತ್ತು.

ಇಲ್ಲಿ ಕ್ಯಾಮೆರಾ ಇಲ್ಲವೇ? ಧಾರಾಳವಾಗಿವೆ. 2022ರ ಡಿಸೆಂಬರ್‌ನಿಂದ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾಗಳೇ ತಪ್ಪು ಹಿಡಿದು ಮೊಬೈಲಿಗೆ ದಂಡದ ಸಂದೇಶ ಕಳಿಸುತ್ತಿವೆ. ಮೈಸೂರು ಹೆದ್ದಾರಿಯಲ್ಲಿ ನೂರು ಕಿ.ಮೀ. ವೇಗ ದಾಟಿದರೂ ಹಾಗೇ. ನನಗೂ ಒಂದು ಬಂದಿದೆ. ಸ್ಟಾಪ್ ಲೈನ್ ದಾಟಿದ್ದು ನಿಜ, ಕಟ್ಟಿದ್ದೇನೆ. ನನ್ನ ತಕರಾರು ದಂಡದ ಬಗ್ಗೆ ಅಲ್ಲ. ನನ್ನ ಮುಂದಿನ ಚಕ್ರ ಬಿಳಿ ಗೆರೆ ದಾಟಿದ್ದನ್ನು ಅಷ್ಟು ಸ್ಪಷ್ಟವಾಗಿ ನೋಡಬಲ್ಲ ವ್ಯವಸ್ಥೆ, ಫ್ಲೈಓವರ್ ಮೇಲೆ ಲಾರಿ ಅಡ್ಡ ನಿಂತಿದೆ ಎಂದು ನನಗೊಂದು ಚಿತ್ರ ತೋರಿಸಬಾರದೇ?

ಖಾಸಗಿತನದ ಪ್ರಶ್ನೆ ಎತ್ತುವವರಿಗೆ: ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಸಾರಿಗೆ ಇಲಾಖೆ ಆ ಚಿತ್ರಗಳನ್ನು ದಾಖಲಿಸಿಟ್ಟುಕೊಳ್ಳುವುದಿಲ್ಲ. ದಂಡ ಹಾಕುವ ಕ್ಯಾಮೆರಾ ಬೇರೆ ಇರಲಿ, ದಾರಿ ತೋರಿಸುವುದು ಬೇರೆ ಇರಲಿ. ಎಲ್ಲರೂ ಖಾಲಿ ದಾರಿಗೇ ನುಗ್ಗಿದರೆ? ನುಗ್ಗಲಿ. ಈಗ ಎಲ್ಲರೂ ಗೊತ್ತಿಲ್ಲದೆ ಒಂದೇ ಕಡೆ ನುಗ್ಗುತ್ತಿದ್ದೇವಲ್ಲ.

ಈ ಫ್ಲೈಓವರ್ ವಿಷಯದಲ್ಲಂತೂ ನಾವು ಸುದ್ದಿಗೆ ಕಾದದ್ದೇ ಕಾದದ್ದು. ಕೇಬಲ್ ಕೆಟ್ಟಿದೆ ಎಂದು 2021ರ ಡಿಸೆಂಬರ್ ಕೊನೆಗೆ ಮುಚ್ಚಿದರು. ಕಾರು, ಬೈಕಿಗೆ ಬಿಟ್ಟದ್ದು ಮುಂದಿನ ಫೆಬ್ರುವರಿಯಲ್ಲಿ. ಲಾರಿ, ಬಸ್ಸಿಗೆ ಮತ್ತೆ ದಾರಿ ಸಿಕ್ಕಿದ್ದು 2024ರ ಜುಲೈನಲ್ಲಿ, ಅದೂ ಶುಕ್ರವಾರ ಬಿಟ್ಟು.

ಹೆದ್ದಾರಿಯವರಲ್ಲಿ, ಪೊಲೀಸರಲ್ಲಿ ಕೇಳುವುದಿಷ್ಟೇ. ಮೊದಲಿಗೆ ಫ್ಲೈಓವರ್‌ನ ಎರಡು ತುದಿ, ಮಧ್ಯೆ ಒಂದು, ಒಟ್ಟು ಮೂರು ಚಿತ್ರ ಸಾಕು. ಎರಡು ನಿಮಿಷಕ್ಕೊಮ್ಮೆ ಬದಲಾಗಲಿ. ಸ್ಟೀರಿಂಗ್ ಹಿಡಿದು ನೋಡುವವರಿಗಲ್ಲ, ಮನೆಯಲ್ಲಿ ಚಪ್ಪಲಿ ಮೆಟ್ಟುವ ಮುಂಚೆ ನೋಡುವವರಿಗೆ. ನಮ್ಮತ್ತೆಗೆ ಈಗ ಎಪ್ಪತ್ತೊಂಬತ್ತು. ಬೆಳಿಗ್ಗೆ ಏಳಕ್ಕೇ ಕಾಫಿ ಲೋಟ ಹಿಡಿದು ಸೋಫಾದಲ್ಲಿ ಕೂತಿರುತ್ತಾರೆ, ಕಣ್ಣು ಇನ್ನೂ ಚುರುಕಾಗಿದೆ. ಅವರಿಗೆ ಆ ಕೆಲಸ ವಾಪಸ್ ಕೊಡಿ.