ಕ್ಯೂಆರ್ ಕೋಡ್‌ಗೆ ಬಿದ್ದ ದುಡ್ಡೆಲ್ಲಾ ವ್ಯಾಪಾರನಾ? ಜನ್ನಾಪುರದ ಸಣ್ಣ ಅಂಗಡಿಗಳ ಮುಂದಿರುವ ಪ್ರಶ್ನೆ

ಭದ್ರಾವತಿ: ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಈಗ ಜನ್ನಾಪುರದಲ್ಲಿ ಜೇಬಿಂದ ಬರೋದು ನೋಟಲ್ಲ, ಮೊಬೈಲು. ಚಿಲ್ಲರೆ ತಾಪತ್ರಯ ತಪ್ಪಿತು ಅನ್ನೋದೇನೋ ನಿಜ. ಆದರೆ ಆ ಸ್ಕ್ಯಾನ್‌ನ ಲೆಕ್ಕ ಯಾರ್‍ಯಾರು ನೋಡಬಹುದು ಅನ್ನೋ ಪ್ರಶ್ನೆ 2025ರ ಜುಲೈನಲ್ಲಿ ಎದ್ದಿದ್ದು ಇನ್ನೂ ಪೂರ್ತಿ ಇತ್ಯರ್ಥ ಆಗಿಲ್ಲ.

ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಆಗ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಬೋರ್ಡ್ ಬಂತು. ಬಂದ್‌ಗೂ ಕರೆ ಕೊಟ್ಟಾಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಲೇಬೇಕು ಅಂದರು. ಬಂದ್ ಕೈಬಿಟ್ಟರು. ಸುದ್ದಿಯೂ ತಣ್ಣಗಾಯಿತು.

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. 40 ಲಕ್ಷ ಅಂದ್ರೆ ದೊಡ್ಡ ಸಾಹುಕಾರ್ರು ಅಂದ್ಕೋಬೇಡಿ, ದಿನಕ್ಕೆ ಹನ್ನೊಂದು ಸಾವಿರ ಅಷ್ಟೇ. ಲೀಟರ್ ಹಾಲಿಗೆ 46 ರೂಪಾಯಿ ಹಿಡಿದರೆ, ದಿನಾ 240 ಲೀಟರ್ ಮಾರುವ ಬೂತ್ ಈ ಗಡಿ ದಾಟುತ್ತೆ. ಅದರಲ್ಲಿ ಅಂಗಡಿಯವರ ಕೈಗೆ ಉಳಿಯೋದು ಬರೀ ಕಮಿಷನ್. ಹಾಲಿಗೆ ತೆರಿಗೆ ಇಲ್ಲ, ಹಾಲೊಂದನ್ನೇ ಮಾರಿದರೆ ನೋಂದಣಿಯೂ ಬೇಡ. ಅದೇ ಬೂತ್‌ನಲ್ಲಿ ನಾಲ್ಕು ಬಿಸ್ಕೆಟ್ ಪ್ಯಾಕೆಟ್ ಇಟ್ಟರೋ, ಆಗ ಹಾಲಿನ ವಹಿವಾಟೂ ಸೇರಿ 40 ಲಕ್ಷದ ಲೆಕ್ಕಕ್ಕೆ ಬರುತ್ತೆ. ತೆರಿಗೆ ಬೀಳೋದು ಬಿಸ್ಕೆಟ್ಟಿಗೆ ಮಾತ್ರ. ಇದನ್ನ ಅಂಗಡಿಯವರಿಗೆ ಮೊದಲೇ ಕೂರಿಸಿ ಹೇಳಿದವರು ಯಾರು?

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸಣ್ಣ ಅಂಗಡಿಯ ಕ್ಯೂಆರ್ ಎಷ್ಟೋ ಕಡೆ ಮನೆಯವರ ಸ್ವಂತ ಖಾತೆಗೇ ಜೋಡಣೆ ಆಗಿರುತ್ತೆ. ಚೀಟಿ ದುಡ್ಡು, ಕೈಸಾಲ, ಬೆಂಗಳೂರಲ್ಲಿರೋ ಮಗ ಕಳಿಸಿದ ಹಣ ಎಲ್ಲಾ ಅಲ್ಲಿಗೇ. ಕಂಪ್ಯೂಟರಿಗೆ ಕಾಣೋದು ಬಂದ ಮೊತ್ತ ಮಾತ್ರ, ಯಾಕೆ ಬಂತು ಅನ್ನೋದಲ್ಲ. ನೋಟಿಸ್ ಅಂದ್ರೆ ತೆರಿಗೆ ಆದೇಶ ಅಲ್ಲ, ವಿವರಣೆ ಕೊಡಬಹುದು ಅಂತ ಇಲಾಖೆ ಹೇಳಿದ್ದು ಸರಿಯೇ. ಆದರೆ ಬಿಲ್ ಪುಸ್ತಕವೇ ಇಲ್ಲದವರು ನಾಲ್ಕು ವರ್ಷದ ಹಿಂದಿನ ಕೈಸಾಲಕ್ಕೆ ಎಲ್ಲಿಂದ ಸಾಕ್ಷಿ ತರೋದು? ಪ್ರತಿ ವರ್ಷ ಎಚ್ಚರಿಸಿದ್ದರೆ ಒಟ್ಟಿಗೆ ನಾಲ್ಕು ವರ್ಷದ ಹೊರೆ ಬೀಳ್ತಿರಲಿಲ್ಲ.

ಇಲಾಖೆ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಪಕ್ಕದ ಅಂಗಡಿಯವ ಜಿಎಸ್‌ಟಿ ಕಟ್ಟುವಾಗ ಅಷ್ಟೇ ವ್ಯಾಪಾರದ ಇನ್ನೊಬ್ಬ ಕಟ್ಟದಿದ್ದರೆ ಅದೂ ಅನ್ಯಾಯವೇ.

ತಮಾಷೆ ಅಂದ್ರೆ, ಕ್ಯೂಆರ್ ಹಿಡಿಸಿದ್ದೂ ಸರ್ಕಾರವೇ. 2020ರಲ್ಲಿ ಶುರುವಾದ ಪಿಎಂ ಸ್ವನಿಧಿಯಲ್ಲಿ ಬೀದಿ ವ್ಯಾಪಾರಿಗಳಿಗೆ ಮೊದಲು 10 ಸಾವಿರ ಸಾಲ, ಡಿಜಿಟಲ್ ಪಾವತಿ ತಗೊಂಡರೆ ಕ್ಯಾಶ್‌ಬ್ಯಾಕ್ ಅಂತ ಕೊಟ್ಟು ಪ್ರೋತ್ಸಾಹಿಸಿದರು. ಈ ಮಾಹಿತಿ ತೆರಿಗೆಗೂ ಹೋಗಬಹುದು ಅನ್ನೋ ಮಾತು ಮಾತ್ರ ಬಹಳ ಜನರ ಕಿವಿಗೆ ಬಿದ್ದಿದ್ದು ನೋಟಿಸ್ ಬಂದ ಮೇಲೆ.

ಮಾಹಿತಿ ಕೇಳೋ ಅಧಿಕಾರ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮ ಬಂದಿದ್ದರೂ, ಅದರಲ್ಲಿ ಸರ್ಕಾರಕ್ಕೆ ವಿನಾಯಿತಿಗಳು ಧಾರಾಳ. ಹಾಗಾಗಿ ಆ ಕಾಯ್ದೆ ನಂಬಿ ಕೂರೋ ಹಾಗಿಲ್ಲ.

ಎಂಪಿಎಂ ನಿಂತು, ವಿಐಎಸ್‌ಎಲ್ ಇದೆಯೋ ಇಲ್ಲವೋ ಅನ್ನುವಂತಾಗಿರೋ ಊರಲ್ಲಿ ಅಂಗಡಿಯೇ ಎಷ್ಟೋ ಮನೆಗಳ ಆಧಾರ. ಹೆದರಿ ಕ್ಯಾಶ್‌ಗೆ ವಾಪಸ್ ಹೋದರೆ ನಾಳೆ ಬ್ಯಾಂಕಿಗೆ ಸಾಲ ಕೇಳೋಕೆ ತೋರಿಸಲು ವಹಿವಾಟಿನ ದಾಖಲೆಯೇ ಇರಲ್ಲ. ಸದ್ಯಕ್ಕೆ ವ್ಯಾಪಾರದ ಖಾತೆ ಬೇರೆ, ಮನೆ ಖಾತೆ ಬೇರೆ ಮಾಡಿಕೊಂಡು, ದಿನದ ಲೆಕ್ಕ ಒಂದು ನೋಟ್‌ಬುಕ್‌ನಲ್ಲಿ ಬರೆದಿಡೋದು ಅಂಗಡಿಯವರ ಕೈಲಿರೋ ಕೆಲಸ. ಮನೆ ದುಡ್ಡನ್ನೂ ವ್ಯಾಪಾರವನ್ನೂ ಬೇರೆ ಮಾಡಿ ನೋಡೋ ಪದ್ಧತಿ ತರಬೇಕಾದ್ದು ಇಲಾಖೆ.